ಬೇರು ತೊಳೆದ ನೀರುಗಂಟಿ

ನಾನು ಕೊಳಾಲದ ನೀರುಗಂಟಿ ದೊಡ್ಡಹನುಮಯ್ಯ. ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವುದು ನಮ್ಮ ಮನೆತನದ ಕೆಲಸ. ನೀರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆ ಜಂಬವೇ ಮುಳುವಾಯಿತು.

ಬಸ್ ಸ್ಟ್ಯಾಂಡಿನ ಮಳೆನೀರು ಎಣ್ಣೆ, ಸಗಣಿ, ಕಸವನ್ನೆಲ್ಲ ಹೊತ್ತು ಊರಾಚೆಯ ಜೋಡಿ ಕಟ್ಟೆಗೆ ಬಂದು ನಿಲ್ಲುತ್ತದೆ. ಅದರ ನಾತಕ್ಕೆ ಎಮ್ಮೆಯೂ ಇಳಿಯುತ್ತಿರಲಿಲ್ಲ. ಎಂಜಿನಿಯರ್ ಚೈತ್ರ ಮೇಡಂ ಬಂದು ಎರಡು ಕಟ್ಟೆಗಳಲ್ಲೂ ಕಾಬಾಳೆ, ಜೊಂಡು ನೆಟ್ಟ ತೆಪ್ಪಗಳನ್ನು ತೇಲಿಬಿಟ್ಟರು. ಬೇರು ನೀರಿಗೆ ಇಳಿಬಿದ್ದು ಕೊಳೆ ಹೀರುತ್ತದಂತೆ. ನೋಡಿಕೊಳ್ಳಲು ನನ್ನನ್ನೇ ಇಟ್ಟರು. ನಾಲ್ಕು ತಿಂಗಳಿಗೆ ಕೆಂಪು ಹೂ ಬಿಟ್ಟವು, ಕೊಕ್ಕರೆಗಳು ಬಂದವು. ಬೆಳಿಗ್ಗೆ ಎದ್ದು ಅಲ್ಲಿಗೆ ಹೋಗುವುದೇ ನನಗೊಂದು ಸುಖವಾಯಿತು.

ಹಾಗಿರುವಾಗ ಮೇಡಂ ಫೋನ್ ಮಾಡಿದರು. ಇನ್ನು ಹದಿನೈದು ದಿನಕ್ಕೆ ಸಾಹೇಬರೊಬ್ಬರು ನೀರು ನೋಡಲು ಬರುತ್ತಾರೆ, ತಿಳಿಯಾಗಿರದಿದ್ದರೆ ತೆಪ್ಪಗಳನ್ನು ಎತ್ತಿ ಶಿರಾಕ್ಕೆ ಸಾಗಿಸುತ್ತಾರೆ ಎಂದರು.

ದೊಡ್ಡವರು ಬರುತ್ತಾರೆಂದರೆ ಮನೆ ತೊಳೆದು ಬಳಿಯುವುದು ನಮ್ಮ ಪದ್ಧತಿ. ತೆಪ್ಪ ಎತ್ತಿ ನೋಡಿದರೆ ಬೇರಿನ ತುಂಬ ಕಂದು ಲೋಳೆ. ಥೂ, ಇದನ್ನು ತೋರಿಸುವುದೇ? ತೆಂಗಿನ ನಾರು ಹಿಡಿದು ಮೊದಲ ಕಟ್ಟೆಯ ಬೇರುಗಳನ್ನೆಲ್ಲ ಎಮ್ಮೆ ಮೈ ಉಜ್ಜಿದಂತೆ ಉಜ್ಜಿದೆ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಮಲಗಿಬಿಟ್ಟೆ. ಮರುದಿನವೇ ಮಳೆ ಹೊಡೆದು ಎರಡೂ ಕಟ್ಟೆಗೆ ಕೊಚ್ಚೆ ತುಂಬಿತು.

ಸಾಹೇಬರು ಬಂದ ದಿನ ಮೇಡಂ ಮೊದಲ ಕಟ್ಟೆಯಿಂದ ಬಾಟಲಿ ತುಂಬಿದರು. ನೀರು ಟೀ ಬಣ್ಣಕ್ಕಿತ್ತು.

"ಪ್ರಯೋಜನ ಇಲ್ಲ, ಎತ್ತಿಸಿಬಿಡಿ," ಎಂದರು ಸಾಹೇಬರು.

ಸುಮ್ಮನಿದ್ದರೆ ತೆಪ್ಪ ಹೋಗುತ್ತದೆ, ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ. ಆದರೆ ಬಾಯಿಲ್ಲದ ಗಿಡದ ಮೇಲೆ ಅಪವಾದ ಹೊರಿಸಿ ನನಗೆ ಅನ್ನ ಇಳಿಯುವುದಿಲ್ಲ.

"ತಪ್ಪು ಗಿಡದ್ದಲ್ಲ ಮೇಡಮ್ಮಾರೆ, ನಂದು. ಬೇರು ಗಲೀಜಾಗೈತೆ ಅಂತ ಉಜ್ಜಿ ತೊಳ್ದ್‌ಬುಟ್ಟೆ."

ಮೇಡಂ ಹಣೆ ಹಿಡಿದುಕೊಂಡರು. "ಅಯ್ಯೋ ಯಜಮಾನ್ರೆ, ಕೊಳೆ ತಿನ್ನೋ ಜೀವಾಣು ಇರೋದೇ ಆ ಲೋಳೇಲಿ. ಎರಡನೇ ಕಟ್ಟೇದೂ ತೊಳೆದ್ರಾ?"

"ಇಲ್ಲ, ಸೊಂಟ ಹಿಡ್ಕಂಬುಡ್ತು."

ಮೇಡಂ ಓಡಿದರು, ಸಾಹೇಬರೂ ಹೊರಟರು, ನಾನು ಕುಂಟುತ್ತಾ ಹಿಂದೆ ಹೋದೆ. ಅಲ್ಲಿ ತುಂಬಿದ ಬಾಟಲಿಯನ್ನು ಎತ್ತಿ ಹಿಡಿದರೆ ಆಚೆ ಬದಿಯ ಸಾಹೇಬರ ಮೀಸೆ ಕಾಣುತ್ತಿತ್ತು. ಸಾಹೇಬರು ಎರಡು ಬಾಟಲಿಗಳನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇಲ್ಲೇ ಇರಲಿ ಬಿಡಿ," ಎಂದರು. ನನ್ನ ಕಣ್ಣು ತುಂಬಿಬಂತು.

ಮನೆಗೆ ಬಂದರೆ ಹೆಂಡತಿ ಪಟಾಲಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನಂದ್ರು?"

"ತೆಪ್ಪ ಇಲ್ಲೇ ಇರ್ತಾವಂತೆ, ನಾನೂ ಇರ್ಬೇಕಂತೆ. ಬೇರು ಮುಟ್ಟದೆ ಕೈಕಟ್ಕಂಡು ಕುಂತಿರೋದೇ ಕೆಲ್ಸ ಅಂದ್ರು ಕಣೆ."

"ಅಂಗಾದ್ರೆ ಅದ್ರಾಗೆ ನಿನ್ನಷ್ಟು ಅನುಭವ ಇರೋನು ಈ ತಾಲ್ಲೂಕಿನಾಗೇ ಸಿಗಾಕಿಲ್ಲ ಬುಡು," ಅಂದಳು.