ಕೊನೆಯ ಅಧ್ಯಾಯ ಕ್ಯಾಪ್ ಕೂರಿಸಿದ ಮೇಲೆ

ಹಲ್ಲಿನ ಡಾಕ್ಟರಮ್ಮನ ತಾಯಿ ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತಿರುತ್ತಿದ್ದರು. ಬಂದವರನ್ನು ಸರದಿ ಪ್ರಕಾರ ಒಳಗೆ ಕಳಿಸುವುದು ಅವರ ಕೆಲಸ. ಅಲ್ಲಿಯವರೆಗೆ ಅವರನ್ನು ಹೆದರಿಸುವುದು ಹವ್ಯಾಸ. ಬೆನ್ನ ಹಿಂದಿನ ಕಪಾಟಿನ ತುಂಬ ಅವರು ಕೂಡಿಟ್ಟ ಹೆದರಿಕೆಯ ಕಾದಂಬರಿಗಳು: ಹಾಳು ಬಂಗಲೆ, ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ಕಣ್ಣು ಹೊರಳಿಸುವ ಭಾವಚಿತ್ರ, ಬೇಕಾದಾಗಲೇ ಆರಿಹೋಗುವ ಮೇಣದಬತ್ತಿ. ಗಂಡ ಬದುಕಿದ್ದಾಗ ಇಬ್ಬರೂ ಒಂದೇ ದೀಪದ ಕೆಳಗೆ ಕೂತು, ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳಿ ಸವೆಸಿದ ಪುಸ್ತಕಗಳು. ಮಗಳ ಮನೆಯಲ್ಲಿ ಅವಕ್ಕೆ ಜಾಗವಿರಲಿಲ್ಲ. ಇಲ್ಲಿಂದಲೂ ಎಬ್ಬಿಸಿದರೆ ನೇರ ರದ್ದಿ ಅಂಗಡಿಯೇ.

ಎಬ್ಬಿಸಲು ಟೊಂಕ ಕಟ್ಟಿದವನು ಅಳಿಯ. ಕ್ಲಿನಿಕ್ಕಿನ ಆಡಳಿತ ಅವನದು.

"ಅತ್ತೆ, ಭಾನುವಾರ ರದ್ದಿಯವನಿಗೆ ಬರೋಕೆ ಹೇಳಿದೀನಿ. ಆ ಗೋಡೆಗೆ ದೊಡ್ಡ ಟೀವಿ ಹಾಕ್ಸೋಣ. ಹಲ್ಲುಜ್ಜೋದು ಹೇಗೆ ಅಂತ ವಿಡಿಯೋ ಓಡ್ತಾ ಇರುತ್ತೆ."

"ಅದನ್ನ ಬಾಯಿ ಬಿಟ್ಕೊಂಡು ನೋಡ್ತಾರಾ ಅಳಿಯಂದ್ರೇ?"

"ಬಾಯಿ ಬಿಡೋಕೇ ತಾನೇ ಬಂದಿರೋದು! ಮೊದಲೇ ಹೆದರ್ಕೊಂಡು ಬಂದೋರನ್ನ ನೀವು ಇನ್ನಷ್ಟು ಹೆದರಿಸ್ತೀರಲ್ಲ."

ಮೂಲೆಯಲ್ಲಿ ಕೆನ್ನೆ ಹಿಡಿದುಕೊಂಡು ಓದುತ್ತಿದ್ದ ಟೈಲರ್ ತಲೆಯೆತ್ತಿದ. "ಹಾಗಲ್ಲ ಸಾರ್. ಒಳಗೆ ಆ ಮಿಷನ್ ಗುಂಯ್ ಅನ್ನುತ್ತಲ್ಲ, ಆ ಹೆದರಿಕೆ ಡಾಕ್ಟ್ರ ಕೈಯಲ್ಲಿದೆ. ಅವರು ನಿಲ್ಲಿಸಿದಾಗಲೇ ನಿಲ್ಲೋದು. ಈ ಹೆದರಿಕೆ ನನ್ನ ಕೈಯಲ್ಲಿದೆ. ನಾನು ಪುಸ್ತಕ ಮುಚ್ಚಿದ್ರೆ ದೆವ್ವಾನೂ ಬಾಯಿ ಮುಚ್ಕೊಂಡಿರುತ್ತೆ."

"ಹಾಗಾದ್ರೆ ಮುಚ್ಚಿ."

"ಈಗ ಆಗಲ್ಲ ಸಾರ್! ಮದುಮಗಳು ನೆಲಮಾಳಿಗೆಗೆ ಇಳೀತಿದಾಳೆ. ಅದೂ ಬಿಳೀ ಗೌನಲ್ಲಿ. ಅಷ್ಟು ಧೂಳು, ಅಷ್ಟು ಜೇಡರಬಲೆ, ಅಂಚಿಗೆ ಒಂದು ಕಲೆ ಇಲ್ಲ. ಅದೆಂಥ ಬಟ್ಟೆ ಅಂತ ತಿಳಿಯೋವರೆಗೂ ನಾನು ಬಿಡಲ್ಲ."

ಟೈಲರ್ ಬಿಡಲಾರದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ರೂಟ್ ಕೆನಾಲ್ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಮೊದಲ ಸಲ ಕೂತಾಗ ನೋವು ಹೋಗುತ್ತದೆ; ನೋವಿನ ಜೊತೆಗೆ ರೋಗಿಯೂ ಹೋಗಿಬಿಡುತ್ತಾನೆ. ಹಲ್ಲಿನ ಮೇಲೆ ಕ್ಯಾಪ್ ಕೂರಿಸಿಕೊಳ್ಳಲು ಬಾ ಎಂದರೆ ಪತ್ತೆಯಿರುವುದಿಲ್ಲ. ಕ್ಯಾಪಿಲ್ಲದ ಹಲ್ಲು ಸೀಳುಬಿಟ್ಟ ಮೇಲೆ ಬಂದು, ಉಳಿದ ಹಲ್ಲುಗಳನ್ನು ಡಾಕ್ಟರಮ್ಮನ ಮೇಲೆ ಕಡಿಯುತ್ತಾನೆ. ಇದನ್ನು ನೋಡಿ ನೋಡಿ ಸಾಕಾಗಿ ತಾಯಿ ಒಂದು ಉಪಾಯ ಹೂಡಿದ್ದರು. ಪ್ರತಿ ಕಾದಂಬರಿಯ ಕೊನೆಯ ಅಧ್ಯಾಯವನ್ನು ಬ್ಲೇಡಿನಿಂದ ಬಿಡಿಸಿ, ಬೇರೆ ಹೊಲಿದು, ಕಂದು ಕಾಗದದ ಹೊದಿಕೆ ಹಾಕಿ, ಮೇಜಿನ ಡ್ರಾಯರಿನೊಳಗೆ ಬೀಗ ಜಡಿದಿದ್ದರು. ಉಳಿದ ಪುಸ್ತಕವನ್ನು ಯಾರು ಬೇಕಾದರೂ ಮನೆಗೆ ಒಯ್ಯಬಹುದು. ಕೊನೆಯ ಅಧ್ಯಾಯ ಮಾತ್ರ ಕ್ಯಾಪ್ ಕೂರಿಸಿದ ಮೇಲೆ.

ಅಂದಿನಿಂದ ಜನ ತಾವಾಗಿ ಬಂದು ಕುರ್ಚಿ ಏರತೊಡಗಿದರು. ಮಗಳು ಅದನ್ನು ತನ್ನ ಕೈಗುಣ ಎಂದುಕೊಂಡಳು. ಅಳಿಯ ಅದನ್ನು ತಾನು ಕಳಿಸುವ ಮೆಸೇಜುಗಳ ಮಹಿಮೆ ಎಂದುಕೊಂಡ. ತಾಯಿ ಇಬ್ಬರ ಸಂತೋಷಕ್ಕೂ ಕಲ್ಲು ಹಾಕಲಿಲ್ಲ.

"ಎಸೆಯೋ ಮುಂಚೆ ಒಂದಾದ್ರೂ ಓದಿ ನೋಡಿ" ಎಂದರು ಈಗ.

"ಓದೋದೇನು ಅತ್ತೆ? ಎಲ್ಲಾ ಒಂದೇ. ಒಂದು ಬಂಗಲೆ, ಒಬ್ಬ ಮುಂಗೋಪಿ ಯಜಮಾನ, ಒಂದು ಬೀಗ, ಒಂದು ಕಿರುಚಾಟ. ಇದರ ತಲೆಗೆ ಅದರ ಬಾಲ ಅಂಟಿಸಿದ್ರೂ ಯಾರಿಗೂ ಗೊತ್ತಾಗಲ್ಲ."

"ನಿಮಗೂ ಗೊತ್ತಾಗದಿದ್ರೆ ನಾನೇ ಗಂಟು ಕಟ್ಟಿ ರದ್ದಿಯವನ ಗಾಡಿಗೆ ಹಾಕ್ತೀನಿ" ಎಂದು 'ಕಿಟಕಿಯಿಲ್ಲದ ಬಂಗಲೆ'ಯನ್ನು ಅವನ ಕೈಗಿತ್ತರು.

ಅಳಿಯ ಮೊದಲ ದಿನ ನಗುತ್ತ ಓದಿದ. ಎರಡನೇ ದಿನ ನಗು ನಿಂತಿತು. ಆಮೇಲೆ ಊಟದ ತಟ್ಟೆಯ ಪಕ್ಕ ಪುಸ್ತಕ, ಬಿಲ್ಲಿನ ಮಿಷನ್ನಿನ ಮೇಲೆ ಪುಸ್ತಕ. "ಅಮ್ಮಾ, ಇವರಿಗೇನು ಕೊಟ್ಟೆ? ಕರೆದ್ರೆ ಬೆಚ್ಚಿಬೀಳ್ತಾರೆ" ಎಂದು ಮಗಳು ಗೊಣಗಿದಳು.

ಶನಿವಾರ ಅವನು ಮೇಜಿನ ಮುಂದೆ ಪ್ರತ್ಯಕ್ಷನಾದ. "ಅವಳು ಬೀಗ ತೆಗೆದ್ಲು, ಬಾಗಿಲು ಕಿರ್ ಅಂತು, ಅಷ್ಟಕ್ಕೇ ಮುಗೀತು! ಮುಂದಿನದು ಎಲ್ಲಿ?"

"ಅದು ರೂಟ್ ಕೆನಾಲ್ ಮುಗಿಸಿದೋರಿಗೆ."

ಅಳಿಯನ ಕೈ ತಾನಾಗಿಯೇ ಬಲಗೆನ್ನೆಗೆ ಹೋಯಿತು. ಅಲ್ಲೊಂದು ದವಡೆಹಲ್ಲು ಅರ್ಧ ಕೆಲಸಕ್ಕೇ ನಿಂತಿತ್ತು. ಎಲ್ಲ ರೋಗಿಗಳಿಗೂ "ನೋವೇ ಆಗಲ್ಲ ಬನ್ನಿ" ಎನ್ನುವ ಈ ಮಹಾಶಯ, ಹೆಂಡತಿ ಕರೆದಾಗಲೆಲ್ಲ ಬ್ಯಾಂಕಿನ ಕೆಲಸ ನೆನಪಿಸಿಕೊಂಡು ಓಡುತ್ತಿದ್ದ.

"ಬನ್ರೀ, ಕುರ್ಚಿ ಖಾಲಿ ಇದೆ" ಎಂದಳು ಒಳಗಿಂದ ಹೆಂಡತಿ. ಆ ದನಿಯಲ್ಲಿ ಬಂಗಲೆಯ ಯಜಮಾನನ ಗತ್ತಿತ್ತು.

"ಇವತ್ತು ಬ್ಯಾಂಕಿಗೆ ರಜಾ ಅಲ್ವಾ ಸಾರ್?" ಎಂದ ಟೈಲರ್, ತಲೆ ಎತ್ತದೆ.

ಅಳಿಯ ಡ್ರಾಯರಿನ ಬೀಗ ನೋಡಿದ, ಒಳಗಿನ ದೀಪ ನೋಡಿದ. ಮದುಮಗಳು ನೆಲಮಾಳಿಗೆಗೆ ಇಳಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಒಳಗೆ ಹೋದ. ಮಿಷನ್ ಗುಂಯ್ ಎಂದಿತು.

ಹೊರಗೆ ಬಂದಾಗ ಬಲಗಡೆಯ ತುಟಿ ಮರಗಟ್ಟಿ ಜೋತುಬಿದ್ದಿತ್ತು. ಅವನು ಕೈ ಚಾಚಿದ. ತಾಯಿ ಡ್ರಾಯರ್ ತೆರೆದು ಸರಿಯಾದ ಅಧ್ಯಾಯವನ್ನೇ ಎತ್ತಿಕೊಂಡರು. ಒಂದು ಕ್ಷಣ ಯೋಚಿಸಿ ಅದನ್ನು ಒಳಗಿಟ್ಟರು. ಪಕ್ಕದ ಕಾದಂಬರಿಯ ಬಾಲವನ್ನು ತೆಗೆದು ಕೊಟ್ಟರು. ಒಬ್ಬರೇ ಲೇಖಕರು, ಒಂದೇ ಅಚ್ಚು, ಪುಟಸಂಖ್ಯೆಗಳನ್ನೆಲ್ಲ ಹುಳ ತಿಂದಿತ್ತು. ಆ ಲೇಖಕರ ನಾಯಕಿಯರಿಗಾದರೋ ಮದುಮಗಳು ಎನ್ನುವುದು ಬಿಟ್ಟು ಬೇರೆ ಹೆಸರೇ ಇರುತ್ತಿರಲಿಲ್ಲ.

ಟೈಲರ್ ಅದನ್ನು ಕಂಡುಬಿಟ್ಟ. "ಏನ್ ಅಜ್ಜೀ ಇದು! ಅವರಿಗೆ ಗೊತ್ತಾಗದಿದ್ರೆ ನಾಳೆ ಕಪಾಟೇ ಖಾಲಿ" ಎಂದು ಪಿಸುಗುಟ್ಟಿದ.

"ಗೊತ್ತಾಗದಿದ್ರೆ ಹೋಗ್ಲಿ ಬಿಡು" ಎಂದರು ತಾಯಿ. ಆದರೆ ಅವರ ಕೈ ಕಪಾಟಿನ ಅಂಚನ್ನು ಬಿಟ್ಟಿರಲಿಲ್ಲ.

ಅಳಿಯ ಕಿಟಕಿಯ ಪಕ್ಕ ಕೂತು ಓದಿದ. ಹಾಳೆ ತಿರುಗಿತು. ಇನ್ನೊಂದು ತಿರುಗಿತು. ತಾಯಿಗೆ ತಮ್ಮ ಇಷ್ಟು ವರ್ಷಗಳ ಬಂಗಲೆಗಳಲ್ಲಿ ಯಾವುದೂ ಇಷ್ಟು ಹೆದರಿಸಿದ ನೆನಪಿರಲಿಲ್ಲ. ಈ ಪುಸ್ತಕವನ್ನು ಮುಚ್ಚಿ ಎದ್ದುಹೋಗುವ ಹಾಗೂ ಇರಲಿಲ್ಲ.

"ಅತ್ತೇ!" ಅಳಿಯ ಎದ್ದು ನಿಂತ. "ಇದು ನಮ್ಮ ವಂಗಲೆ ಅಲ್ಲ!"

ಅರ್ಧ ತುಟಿ ಸತ್ತಿದ್ದರಿಂದ ಬಂಗಲೆ ಹಾಗಾಗಿತ್ತು.

"ಯಾಕೆ? ಬೀಗ ಇಲ್ವಾ? ಕಿರುಚಾಟ ಇಲ್ವಾ?"

"ನಮ್ಮ ವಂಗಲೆ ಮೆಟ್ಟಿಲು ಎಡಕ್ಕೆ ತಿರುಗುತ್ತೆ, ಇಲ್ಲಿ ವಲಕ್ಕೆ! ನಮ್ಮ ಅಡುಗೆಯವಳು ಮಾತೇ ಆಡಲ್ಲ, ಇವಳು ಹರಟೆಮಲ್ಲಿ! ನಮ್ಮ ಯಜಮಾನ ಮುಂಗೋಪಿ ನಿಜ, ಆದ್ರೆ ನಾಯೀನ ಒದೆಯೋ ಜಾತಿ ಅಲ್ಲ ಅವನು! ಯಾರಿಗೆ ಕಿವಿ ಮೇಲೆ ಹೂ ಇಡ್ತೀರಿ?"

ಟೈಲರ್ ಚಪ್ಪಾಳೆ ತಟ್ಟಿದ. ಡಾಕ್ಟರಮ್ಮ ಮಾಸ್ಕ್ ಕೆಳಗೆಳೆದು ಬಾಗಿಲಿಗೆ ಬಂದಳು. ಅಳಿಯನಿಗೆ ತಾನು ಏನು ಹೇಳಿಬಿಟ್ಟೆ ಎಂಬುದು ಆಗ ಹೊಳೆಯಿತು. ನಗಲು ನೋಡಿದ, ಎಡಗಡೆ ಮಾತ್ರ ನಕ್ಕಿತು.

ಫೋನ್ ತೆಗೆದು ರದ್ದಿಯವನಿಗೆ ಹಚ್ಚಿದ. "ನಾಳೆ ವರವೇಡಿ... ವರವೇಡಿ ಅಂದೆ... ಮುಂದಿನ ವಾರಾನೂ ವೇಡ."

ಆಮೇಲೆ ಮತ್ತೆ ಕೈ ಚಾಚಿದ. "ಈಗ ನಿಜವಾದದ್ದು ಕೊಡಿ ಅತ್ತೆ."

ತಾಯಿ ಡ್ರಾಯರಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕ್ಯಾಪ್ ಇನ್ನೂ ಕೂರಿಸಿಲ್ವಲ್ಲ ಅಳಿಯಂದ್ರೇ."