ಒಂಬತ್ತನೆಯವಳು

ಊಟಕ್ಕೆ ಹದಿನಾಲ್ಕು ತಟ್ಟೆ ಜೋಡಿಸಿಟ್ಟಿದ್ದರೆ ಹದಿಮೂರು ಮಾತ್ರ ಹೋಗಿದ್ದವು. ಉಳಿದದ್ದನ್ನು ಕೈಗೆತ್ತಿಕೊಂಡ ಜೇಡಕ್ಕ, "ಯಾರಪ್ಪಾ ಅದು, ಇನ್ನೂ ಕೈ ತೊಳೀತಾ ಇರೋದು?" ಎಂದು ನಲ್ಲಿಯ ಕಡೆ ನೋಡಿದಳು. ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತ ತಲೆಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅಳಿಲು ಇಲ್ಲ.

ಆ ಬೇಸಿಗೆ ಶಿಬಿರದಲ್ಲಿ ಯಾರಿಗೂ ಮನೆಯ ಹೆಸರಿಲ್ಲ. ಬಂದ ದಿನವೇ ಒಂದೊಂದು ಪ್ರಾಣಿಯದೋ ಹುಳುವಿನದೋ ಹೆಸರು ಇಟ್ಟುಕೊಳ್ಳಬೇಕು. ಸಂಜೆ ಮನೆಯವರು ಬಂದು ಕರೆದುಕೊಂಡು ಹೋಗುವವರೆಗೂ ಅದೇ ಹೆಸರು. ಮಕ್ಕಳನ್ನು ಕಾಡಿಗೆ ಕರೆದೊಯ್ಯುವವಳು ಜೇಡಕ್ಕ ಆದದ್ದು ಹಾಗೆ. ಮುಖ್ಯಸ್ಥರು ತಮಗೆ ಗಿಡುಗ ಅಂತ ಇಟ್ಟುಕೊಂಡಿದ್ದರು. ಅವರ ನಡಿಗೆ ನೋಡಿದ ಮಕ್ಕಳು ಎರಡೇ ದಿನಕ್ಕೆ ಆಮೆ ಸರ್ ಮಾಡಿಬಿಟ್ಟರು. ಹೆಸರಿನ ಜೊತೆಗೊಂದು ನಂಬರು. ಕಾಡಿನ ಹಳ್ಳದ ಹತ್ತಿರದಿಂದ ಹೊರಡುವ ಮುಂಚೆ ಜೇಡಕ್ಕ ಸೀಟಿ ಊದಿದರೆ ಒಂದರಿಂದ ಹದಿನಾಲ್ಕರವರೆಗೆ ಒಬ್ಬೊಬ್ಬರೇ ಕೂಗಿ ಹೇಳಬೇಕು.

ಅಳಿಲು ಒಂಬತ್ತನೆಯವಳು. ಏಳು ವರ್ಷದ ಹುಡುಗಿ, ಮಾತು ತೊದಲು. ಮೊದಲ ದಿನ "ಒಂ... ಒಂ..." ಎನ್ನುವಷ್ಟರಲ್ಲಿ ಇಬ್ಬರು ಕಿಸಕ್ಕೆಂದರು, ಅವಳ ಮುಖ ಸಣ್ಣದಾಯಿತು. ಪಕ್ಕದಲ್ಲಿದ್ದ ಹತ್ತನೆಯವಳು ಮಿಡತೆ, ಹೆಸರಾಂತ ಬಾಯಿಬಡುಕಿ, ಅವಳ ಕೈ ಹಿಡಿದುಕೊಂಡು "ಒಂಬತ್ತು ಹತ್ತು!" ಎಂದು ಒಂದೇ ಉಸಿರಿಗೆ ಕೂಗಿಬಿಟ್ಟಳು. ಜೇಡಕ್ಕನಿಗೆ ಕರುಳು ಚುರ್ ಎಂದಿತು. ಪಾಪ, ಹೋಗಲಿ ಬಿಡು, ಎಂದುಕೊಂಡಳು. ಅವತ್ತಿನಿಂದ ಅದೇ ರೂಢಿಯಾಯಿತು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟದ್ದು, ಇಲ್ಲ ಅನ್ನುವಂತಿಲ್ಲ. ಆದರೆ ತಲೆ ಎಣಿಸುವ ಕೆಲಸದಲ್ಲಿ ಒಳ್ಳೆಯ ಮನಸ್ಸನ್ನು ಯಾರು ಕೇಳಿದ್ದರು? ಹೀಗೆ ಹನ್ನೊಂದು ದಿನ ನಡೆಯಿತು.

"ಮಿಡತೆ, ಅಳಿಲು ಎಲ್ಲೇ?"

ಮಿಡತೆ ಬಾಯಲ್ಲಿ ತುತ್ತಿಟ್ಟುಕೊಂಡೇ ಪಕ್ಕಕ್ಕೆ ತಿರುಗಿದಳು. "ಬರ್ತಾ ಇದ್ಳಲ್ಲ ಅಕ್ಕ..."

"ಹಳ್ಳದ ಹತ್ರ ಒಂಬತ್ತು ಅಂದ್ಯಲ್ಲ, ಆಗ ನಿನ್ನ ಪಕ್ಕದಲ್ಲಿದ್ಳಾ?"

"ನಾನು ದಿನಾ ಹಂಗೇ ಹೇಳ್ತೀನಲ್ಲ," ಎಂದವಳೇ ಹೋ ಎಂದು ಅಳತೊಡಗಿದಳು.

ಮಕ್ಕಳನ್ನು ನೋಡಿಕೊಳ್ಳಿ ಎಂದು ಆಮೆ ಸರ್‌ಗೆ ಕೂಗಿ ಹೇಳಿ ಜೇಡಕ್ಕ ಓಡಿದಳು. ಹಳ್ಳದಲ್ಲಿ ನೀರು ಮೊಣಕಾಲಿಗೂ ಬರುವುದಿಲ್ಲ, ಆದರೆ ದೊಡ್ಡ ಬಂಡೆಯ ಪಕ್ಕ ಒಂದು ಗುಂಡಿಯಿದೆ. ಅದರ ಹತ್ತಿರ ಸುಳಿಯಬೇಡಿ ಎಂದು ದಿನಾ ಹೇಳುತ್ತಿದ್ದವಳು ಇವಳೇ. "ಅಳಿಲೂ!" ಎಂದು ಕೂಗುತ್ತ ಓಡಿದಳು. ನಿಜವಾದ ಹೆಸರು ಹಿಡಿದು ಕೂಗೋಣವೆಂದರೆ ಅದು ನೆನಪಿಗೇ ಬರಲಿಲ್ಲ. ಅಯ್ಯೋ ದೇವರೇ, ಇಷ್ಟು ದಿನ ಕೈಹಿಡಿದು ನಡೆಸಿದ ಮಗುವಿನ ಹೆಸರು ತನಗೆ ಗೊತ್ತಿಲ್ಲ! ನಾಚಿಕೆಯಾಯಿತು. ನಾಚಿಕೆಗಿಂತ ಭಯ ಹೆಚ್ಚಾಗಿತ್ತು.

ಮೊದಲು ಗುಂಡಿಯನ್ನೇ ನೋಡಿದಳು. ತಿಳಿನೀರು, ತಳದಲ್ಲಿ ಕೊಳೆತ ಎಲೆ, ಅಷ್ಟೇ. ಬಂಡೆ ಸುತ್ತಿಕೊಂಡು ಬಂದರೆ ಅಳಿಲು ಒಂದು ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತಿದ್ದಳು. ಒಬ್ಬರೇ ಉಳಿದುಬಿಟ್ಟರೆ ಓಡಾಡಬೇಡಿ, ಹತ್ತಿರದ ಮರ ತಬ್ಬಿಕೊಂಡು ನಿಂತಿರಿ ಎಂದು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ಕೆನ್ನೆಯ ಮೇಲೆ ತೊಗಟೆಯ ಗೆರೆ ಮೂಡಿತ್ತು. ಜೇಡಕ್ಕ ಅವಳನ್ನು ಬಾಚಿ ಎತ್ತಿಕೊಂಡು ಅತ್ತಳು. ಅಳಿಲು ಅಳಲಿಲ್ಲ.

"ಸೀಟಿ ಕೇಳಿಸ್ಲಿಲ್ವಾ ಕಂದಾ?"

"ಕೇ... ಕೇಳಿಸ್ತು." ಅವಳು ಬಂಡೆಯ ಹಿಂದೆ ಕೂತು ಕಪ್ಪೆಮರಿ ನೋಡುತ್ತಿದ್ದಳಂತೆ. ಪಕ್ಕದಲ್ಲಿ ಮಿಡತೆ ಇರಲಿಲ್ಲವಲ್ಲ, ಅದಕ್ಕೆ ತಾನೇ ಹೇಳಿದಳಂತೆ. "ನಾ... ನಾನೇ ಹೇಳ್ದೆ ಅಕ್ಕ. ಜೋ... ಜೋರಾಗೇ ಹೇಳ್ದೆ. ಒಂ... ಒಂಬತ್ತು ಅಂತ."

"ಆಮೇಲೆ?"

"ಆಗ್ಲೇ ಹ... ಹನ್ನೆರಡು ಆಗೋಗಿತ್ತು. ನಾನು ಬ... ಬರೋಷ್ಟ್ರಲ್ಲಿ ಯಾರೂ ಇರ್ಲಿಲ್ಲ."

ಜೇಡಕ್ಕ ದಾರಿಯುದ್ದಕ್ಕೂ ಅವಳನ್ನು ಕೆಳಗಿಳಿಸದೆ ಹೊತ್ತುಕೊಂಡು ಬಂದಳು.

ಗೇಟಿನ ಹತ್ತಿರ ಕಾಯುತ್ತಿದ್ದ ಆಮೆ ಸರ್ ಅಳಿಲನ್ನು ಊಟಕ್ಕೆ ಕಳಿಸಿ, ದನಿ ತಗ್ಗಿಸಿದರು. "ಸಿಕ್ಕಿದ್ಳಲ್ಲ, ಮುಗೀತು. ಸಂಜೆ ಅವರಪ್ಪನ ಮುಂದೆ ಇದನ್ನೆಲ್ಲ ಬಿಚ್ಚಿಡೋಕೆ ಹೋಗ್ಬೇಡಮ್ಮ. ನಾಳೆಯಿಂದ ಒಂದು ಮಗೂನೂ ಬರಲ್ಲ, ನಿನ್ನ ಕೆಲಸಾನೂ ಉಳಿಯಲ್ಲ. ಆ ಮಗು ಹೇಗೂ ಹೇಳಲ್ಲ."

ಕೊನೆಯ ಮಾತು ಜೇಡಕ್ಕನ ಎದೆಗೆ ನಾಟಿತು. ಮಧ್ಯಾಹ್ನವೆಲ್ಲ ಎಲೆ ಅಂಟಿಸುವ ಕೆಲಸ ಮಾಡಿಸುತ್ತಿದ್ದರೂ ಅದೇ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

ಅಳಿಲಿನ ಅಪ್ಪ ಗೋಡೆಗೆ ಬಣ್ಣ ಬಳಿಯುವವನು. ಕೆಲಸದ ಬಟ್ಟೆಯಲ್ಲೇ ಸ್ಕೂಟರಿನಲ್ಲಿ ಬಂದ, ಉಗುರಿನ ಸಂದಿಯಲ್ಲೆಲ್ಲ ಬಿಳಿ. ಜೇಡಕ್ಕ ಗೇಟಿನ ಆಚೆ ಹೋಗಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಗುಂಡಿಯ ವಿಷಯವನ್ನೂ ಹೇಳಿದಳು. "ತಪ್ಪು ನಂದು. ಬೇರೆ ಯಾರದ್ದೂ ಅಲ್ಲ." ಕಚೇರಿಯ ಕಿಟಕಿಯಲ್ಲಿ ಆಮೆ ಸರ್ ಹಣೆ ಚಚ್ಚಿಕೊಳ್ಳುವುದು ಕಾಣುತ್ತಿತ್ತು.

"ಎಷ್ಟೊತ್ತು ಒಬ್ಳೇ ಇದ್ಳು?"

"ಒಂದು ಗಂಟೆ."

ಅವನು ಬಯ್ಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವನು ತುಂಬ ಹೊತ್ತು ಸ್ಕೂಟರಿನ ಸೀಟು ಒರೆಸುತ್ತ ನಿಂತ. ಆಮೇಲೆ ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, "ಇನ್ನೂ ಮೂರು ದಿನ ಇದೆ ಪುಟ್ಟಿ. ನಾಳೆ ಬರ್ತೀಯಾ?" ಎಂದು ಕೇಳಿದ.

ಅಮ್ಮನ ಕೈ ಹಿಡಿದು ಅಲ್ಲೇ ನಿಂತಿದ್ದ ಮಿಡತೆ ಬಾಯಿ ತೆರೆದಳು. "ಬರ್ತಾಳೆ ಅಂ..."

"ನೀನು ಸುಮ್ನಿರು," ಎಂದಳು ಜೇಡಕ್ಕ.

ಎಲ್ಲರೂ ಕಾದರು. ಅಳಿಲಿನ ತುಟಿಗಳು ಒಂದಕ್ಕೊಂದು ಒತ್ತಿಕೊಂಡವು, ಬಿಟ್ಟುಕೊಂಡವು, ಮತ್ತೆ ಒತ್ತಿಕೊಂಡವು. ಬಾ ಕಂದಾ, ಬರ್ತೀನಿ ಅನ್ನು, ಎಂದು ಜೇಡಕ್ಕ ಒಳಗೊಳಗೇ ಬೇಡಿಕೊಂಡಳು.

"ಬೇಡ," ಎಂದಳು ಅಳಿಲು. ಒಂದಿಷ್ಟೂ ತೊದಲಲಿಲ್ಲ.

"ಸರಿ," ಎಂದ ಅಪ್ಪ. ಮಗಳ ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲು ಹೋದರೆ ಅದು ಎರಡು ಸಲ ಜಾರಿತು. ಜೇಡಕ್ಕ ಮಣ್ಣಿನಲ್ಲಿ ಮೊಣಕಾಲೂರಿ ಅದನ್ನು ಹಾಕಿಕೊಟ್ಟಳು. ಅಳಿಲು ಗದ್ದ ಎತ್ತಿ ಸುಮ್ಮನೆ ನಿಂತಿದ್ದಳು, ಅವಳ ಕಣ್ಣು ರಸ್ತೆಯ ಕಡೆಗಿತ್ತು.