ಕಿಂಡಿಯಿಂದ ಬಂದ ಕೈ

ಚುಂಯ್ ಎಂದಿತು ಮೈಕು, ಕಾದ ಕಾವಲಿಗೆ ನೀರು ಬಿದ್ದ ಹಾಗೆ, ಅನ್ವಿತಾಳ ಎಡಗೈ ತನ್ನಷ್ಟಕ್ಕೆ ತಾನೇ ಮಿಡಿಯಿತು, ಸುಮ್ಮನಿರು ಅಂತ ಅದನ್ನು ತೊಡೆಯ ಕೆಳಗೆ ಅದುಮಿಟ್ಟಳು, ಬೆಳಗ್ಗೆ ಮಾಡಿದ್ದು ಸಾಲದೇ ಈ ಹಾಳಾದ ಕೈಗೆ — ವೇದಿಕೆಯ ಮೇಲೆ ಯಾರೋ ಹಲೋ ಹಲೋ ಅನ್ನುತ್ತಿದ್ದಾರೆ, ಹೈಸ್ಕೂಲು ಮಕ್ಕಳಿಗೆ ಸರ್ಕಾರದ ಚಿತ್ರಕಲಾ ಸ್ಪರ್ಧೆ, ಬೆಳಗ್ಗೆ ಬರೆದರೆ ಸಂಜೆಗೆ ಫಲಿತಾಂಶ, ಎಗ್ಮೋರಿನ ಈ ಹಾಲಿನಲ್ಲಿ ಫ್ಯಾನು ತಿರುಗುವುದು ಹೆಸರಿಗೆ ಮಾತ್ರ, ಗೆದ್ದ ಚಿತ್ರವನ್ನು ಗೋಡೆಗೆ ಹಾಕುತ್ತಾರಂತೆ, ಊರೆಲ್ಲ ನೋಡುತ್ತದಂತೆ, ಅವಳಿಗೆ ಬೇಕಾದದ್ದು ಅಷ್ಟೇ, ಒಂದು ಗೋಡೆ, ಅದರ ಮೇಲೆ ಅಪ್ಪಯ್ಯನ ಮುಖ. ರಾಯಪುರಂನಲ್ಲಿ ಅಪ್ಪಯ್ಯನ ದೋಸೆ ತಿನ್ನದವರು ಯಾರಿದ್ದಾರೆ, ಬಂದರಿನಲ್ಲಿ ಕ್ರೇನು ನಡೆಸುವವರು, ಮೀನಿನ ಬಲೆ ಹೆಣೆಯುವವರು, ಅವಳ ಶಾಲೆಯ ಹೆಡ್‌ಮೇಡಂ ಕೂಡ, ಆದರೆ ಮುಖ ಕಂಡವರು ಯಾರು, ಹೋಟೆಲಿನ ಗೋಡೆಯಲ್ಲೊಂದು ಕಿಂಡಿ, ಕಿಂಡಿಯ ತುಂಬ ಹಬೆ, ಹಬೆಯಿಂದ ಒಂದು ಕೈ, ಕೈಯಲ್ಲಿ ದೋಸೆಯ ತಟ್ಟೆ, ಮುಗಿಯಿತು. ಒಮ್ಮೆ ಬೀದಿಯಲ್ಲಿ ದಿನಾ ಬರುವ ಗಿರಾಕಿಯೇ ಅಪ್ಪಯ್ಯನಿಗೆ ಢಿಕ್ಕಿ ಹೊಡೆದು ಪಾತ್ತು ಪೋಯ್ಯಾ, ನೋಡಿಕೊಂಡು ನಡಿ, ಅಂತ ಬೈದುಕೊಂಡು ಹೋದ, ಬೆಳಗ್ಗೆಯಷ್ಟೇ ಅದೇ ಬಾಯಿ ಎರಡು ಮಸಾಲೆದೋಸೆ ಇಳಿಸಿತ್ತು, ಅಪ್ಪಯ್ಯ ನಕ್ಕ, ಅವಳ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ.

ವಿಷಯ ನಮ್ಮ ನಗರ ಅಂದಾಗ ಡ್ರಾಯಿಂಗ್ ಮಾಸ್ತರು ಲೈಟ್‌ಹೌಸ್ ಪೋಡು ಮಾ, ಸೇಫ್, ಅಂದಿದ್ದರು, ಹೂಂ, ಅದನ್ನೇ ಬರೆಯುತ್ತೇನೆ ಅಂದಿದ್ದಳು, ಒಳಗೊಳಗೆ ಅಪ್ಪಯ್ಯನ ಮೂಗನ್ನೇ ತಿದ್ದುತ್ತಿದ್ದಳು — ಎಷ್ಟು ಚೆನ್ನಾಗಿ ಬಂದಿತ್ತು ಬೆಳಗ್ಗೆ, ಹುಬ್ಬಿನ ಬೆವರು, ಕೆನ್ನೆಗೆ ಎಣ್ಣೆ ಸಿಡಿದ ಕಲೆ, ಮೊದಲೇ ಬರೆದು ಒಣಗಿದ್ದ ಕೈ, ಇನ್ನು ಕೆಳಗೆ ಕಾವಲಿ ಒಂದೇ ಬಾಕಿ, ಕಪ್ಪು ಬಣ್ಣವನ್ನು ದುಂಡಗೆ ಬಳಿದಳು, ಕಪ್ಪು ಕಾವಲಿ ಕಣ್ಣಿಗೆ ಬಿದ್ದದ್ದೇ ತಡ ಎಡಗೈ ಕುಂಚ ತೊಳೆಯುವ ಮಗ್ಗಿಗೆ ಇಳಿದು ನೀರು ಚಿಮುಕಿಸಿಬಿಟ್ಟಿತು, ಬಲಗೈ ಬಟ್ಟೆ ಹಿಡಿದು ಒರೆಸಿಯೇ ಬಿಟ್ಟಿತು, ರಜೆಯಲ್ಲೆಲ್ಲ ಅಪ್ಪಯ್ಯನ ಪಕ್ಕ ನಿಂತು ಕಲಿತ ಕೈಗಳಲ್ಲವೇ, ಹಿಟ್ಟಿಗೆ ಮೊದಲು ನೀರು, ನೀರಿನ ಹಿಂದೆ ಬಟ್ಟೆ, ಕಾಗದ ಮಾತ್ರ ಚುಂಯ್ ಅನ್ನಲಿಲ್ಲ. ಒರೆಸಿದ ಏಟಿಗೆ ಕಪ್ಪು ಮೇಲಕ್ಕೆ ಹತ್ತಿತು, ಹಸಿಯಾಗಿದ್ದ ಮೂಗು ಹೋಯಿತು, ಕಣ್ಣು ಹೋಯಿತು, ಕಲೆಯೂ ಹೋಯಿತು, ಉಸ್ತುವಾರಿಯ ಮೇಡಂ ಬಂದು ಎನ್ನಮ್ಮಾ ಇದು, ವೇರೆ ಪೇಪರ್ ತರ ಮುಡಿಯಾದು, ಬೇರೆ ಕಾಗದವಿಲ್ಲ, ರೂಲ್ಸು ಅಂದರು, ಅಳು ಮೂಗಿನ ತುದಿಗೆ ಬಂದು ನಿಂತಿತು, ಹೋಗಲಿ, ಎದ್ದು ಹೋಗಿಬಿಡಲೇ, ಅಂದುಕೊಂಡು ಕಾಗದ ನೋಡಿದರೆ ಬೂದುಬಣ್ಣದ ಹಬೆ, ಹಬೆಯಿಂದ ಹೊರಗೆ ಒಂದು ಕೈ, ಒಣಗಿದ್ದರಿಂದ ಉಳಿದುಕೊಂಡ ಕೈ, ಅರೆ, ರಾಯಪುರಂ ನೋಡುವುದು ಇದನ್ನೇ ಅಲ್ಲವೇ. ಹಬೆಯ ಸುತ್ತ ಕಿಂಡಿಯ ಚೌಕಟ್ಟು ಎಳೆದಳು, ಕೊಟ್ಟಳು, ಮುಖವಿಲ್ಲವಲ್ಲ ಅನ್ನುವುದೊಂದೇ ಮಧ್ಯಾಹ್ನವಿಡೀ ತಲೆಯಲ್ಲಿ ಕೊರೆಯಿತು.

ಅಪ್ಪಯ್ಯ ಬರುವುದಿಲ್ಲ, ಸಂಜಿ ಟಿಫನ್ನಿನ ಹೊತ್ತ್ ಮಗಾ, ಕಾವ್ಲಿ ಬಿಟ್ಟ್ ಹ್ಯಾಂಗ್ ಬಪ್ಪುದ್ ಅಂದಿದ್ದ, ಪರವಾಯಿಲ್ಲ ಅಪ್ಪಯ್ಯ ಅಂದಿದ್ದಳು, ಸುಳ್ಳು, ಪರವಾ ಇತ್ತು — ಮೂರನೆಯ ಬಹುಮಾನ ಯಾರಿಗೋ, ಎರಡನೆಯದು ಇನ್ಯಾರದೋ ಲೈಟ್‌ಹೌಸಿಗೆ, ಮಾಸ್ತರು ಸುಳ್ಳು ಹೇಳಿರಲಿಲ್ಲ, ಮುದಲ್ ಪರಿಸು, ಮೊದಲ ಬಹುಮಾನ, ವಿ. ಅನ್ವಿತಾ ಅಂದರು, ಯಾವ ಅನ್ವಿತಾ, ತಾನೇ, ಕಾಲು ಎಲ್ಲಿದೆ, ಇದೆ, ನಡೆಯುತ್ತಿದೆ, ವಿ ಅಂದರೆ ವಿಷ್ಣುಮೂರ್ತಿ, ಅಪ್ಪಯ್ಯನ ಹೆಸರೂ ಇಲ್ಲಿ ಒಂದೇ ಅಕ್ಷರದ ಹಿಂದೆ ನಿಂತಿದೆ ನೋಡು, ವೇದಿಕೆ, ಬೆಳಕು, ಪಕ್ಕದಲ್ಲಿ ಅವಳ ಚಿತ್ರ, ತೀರ್ಪುಗಾರರು ಮೈಕು ಚಾಚಿ ಯಾರ್ ಕೈ ಮಾ ಇದು ಅಂದರು, ಎಂಗ ಅಪ್ಪಾದು ಸಾರ್, ವಿಷ್ಣುಮೂರ್ತಿ, ಪೂರ್ತಿ ಹೆಸರನ್ನು ಮೈಕಿನಲ್ಲಿ ಹೇಳಿದಳು, ಮುಗಂ ಎಂಗೇ, ಮುಖ ಎಲ್ಲಿ, ಅಂತ ಅವರು ನಕ್ಕರು, ಒರೆಸಿಬಿಟ್ಟೆ ಅನ್ನಲೇ — ಬಾಗಿಲ ಹತ್ತಿರ, ಕೊನೆಯ ಸಾಲಿನ ಹಿಂದೆ, ತಲೆಗಳ ಮೇಲೆ ಒಂದು ಕೈ ಎದ್ದಿತು, ನೂರು ಕೈಗಳ ನಡುವೆಯೂ ಗುರುತು ಸಿಗುವ ಕೈ, ಅದೋ ಅಂಗೆ ಸಾರ್, ಅಲ್ಲಿ, ಅಂದಳು, ಇಡೀ ಸಭೆ ಬಾಗಿಲ ಕಡೆ ತಿರುಗಿತು.

ಎಲ್ಲರೂ ನೋಡಿದರು, ನೋಡಲಿ, ಕಣ್ಣು ತುಂಬ ನೋಡಲಿ, ಹುಬ್ಬಿನ ಬೆವರು, ಕೆನ್ನೆಯ ಕಲೆ, ಎಲ್ಲ ಇದೆ, ಯಾವ ನೀರಿಗೂ ಹೋಗುವುದಿಲ್ಲ, ಚಪ್ಪಾಳೆಯ ನಡುವೆ ಅಪ್ಪಯ್ಯ ಮೆಟ್ಟಿಲು ಹತ್ತಿ ಬಂದ, ಕಾವ್ಲಿ ನಿನ್ನಮ್ಮ ಹಿಡ್ಕಂಡ್ಳ್, ನೀವ್ ಹೋಯ್ನಿ ಅಂದ್ಳ್, ಅಂತ ಅವಳ ಕಿವಿಯಲ್ಲಿ ಅಂದ, ಚಿತ್ರ ನೋಡಿದ, ನನ್ನ್ ಮುಖ ಎಲ್ಲಿತ್ತ್ ಮಗಾ, ನೀರ್ ಹಾಕಿ ಒರ್ಸಿದೆ ಅಪ್ಪಯ್ಯ, ಕಾವ್ಲಿ ಕಾದಿರ್ಲಿಲ್ಲ ಕಾಣ್ ಅಂದ ಅಪ್ಪಯ್ಯ, ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಉಸ್ತುವಾರಿಯ ಮೇಡಂ ಪದಕ ಹಿಡಿದು ಕಾಯುತ್ತಿದ್ದಾರೆ, ಮೈಕು ಮತ್ತೆ ಚುಂಯ್ ಅನ್ನುತ್ತಿದೆ, ಅವಳ ಎಡಗೈ ಮತ್ತೆ ಮಿಡಿಯಿತು, ಅದನ್ನು ಹಿಡಿದುಕೊಂಡಿತು ಒಂದು ಕೈ, ಉಗುರಿನ ಸಂದಿಯಲ್ಲಿ ಇನ್ನೂ ಹಸಿ ಹಿಟ್ಟು, ಸುತ್ತ ಗೋಡೆಯಿಲ್ಲ, ಕಿಂಡಿಯಿಲ್ಲ, ಹಬೆಯಿಲ್ಲ, ಆ ಕೈ, ಅಪ್ಪಯ್ಯನ ಕೈ —